ಎಲ್‌ಪಿಎಸ್ ಹಾಕಿದ ಮೇಲಿನ ಎರಡು ಗಂಟೆ: ಮ್ಯಾಕ್ರೋಫೇಜ್ ಒಳಗಿನ ಸಂದೇಶವನ್ನು ಓದುವುದು ಹೇಗೆ

ಬ್ಯಾಕ್ಟೀರಿಯಾ ಎದುರಾದಾಗ ರೋಗನಿರೋಧಕ ಕೋಶದ ಒಳಗೆ ಏನು ನಡೆಯುತ್ತದೆ ಅಂತ ಕೇಳಿದರೆ ಹೆಚ್ಚಿನವರು ಒಂದು ಚಿತ್ರ ಬರೆದು ತೋರಿಸುತ್ತಾರೆ. ಮೇಲೊಂದು ರಿಸೆಪ್ಟರ್, ಕೆಳಗೆ ಸಾಲು ಬಾಣಗಳು, ಕೊನೆಗೆ ಕೋಶಕೇಂದ್ರ. ಚಿತ್ರ ಸರಿಯಾಗಿಯೇ ಇದೆ. ಆದರೆ ಅದರಲ್ಲಿ ಗಡಿಯಾರ ಇಲ್ಲ. ಯಾವ ಹಂತ ಎಷ್ಟು ನಿಮಿಷದಲ್ಲಿ ಶುರುವಾಗುತ್ತದೆ, ಎಷ್ಟು ಹೊತ್ತು ಇರುತ್ತದೆ, ಯಾವಾಗ ಆರುತ್ತದೆ ಅನ್ನೋದು ಅಲ್ಲಿ ಕಾಣುವುದಿಲ್ಲ. ಕೋಶಕ್ಕೆ ಮಾತ್ರ ಅದೇ ಎಲ್ಲಕ್ಕಿಂತ ಮುಖ್ಯ. ಸಂದೇಶ ತಡವಾದರೆ ಬ್ಯಾಕ್ಟೀರಿಯಾ ಗೆಲ್ಲುತ್ತದೆ. ಆರದೇ ಉಳಿದರೆ ಸ್ವಂತ ದೇಹವೇ ನರಳುತ್ತದೆ.

ನಾನು ಲ್ಯಾಬಿಗೆ ಹೊಸದಾಗಿ ಬರುವ ವಿದ್ಯಾರ್ಥಿಗಳಿಗೆ ಮೊದಲು ಮಾಡಿಸುವುದು ಒಂದೇ ಪ್ರಯೋಗ. ಬ್ಯಾಕ್ಟೀರಿಯಾ ನುಂಗುವ ರೋಗನಿರೋಧಕ ಕೋಶಗಳಾದ ಮ್ಯಾಕ್ರೋಫೇಜ್‌ಗಳಿಗೆ ಬ್ಯಾಕ್ಟೀರಿಯಾದ ಹೊರಪದರದ ವಸ್ತುವಾದ ಎಲ್‌ಪಿಎಸ್ ಹಾಕಿ, ಬೇರೆ ಬೇರೆ ಹೊತ್ತಿಗೆ ನಿಲ್ಲಿಸಿ, ವೆಸ್ಟರ್ನ್ ಬ್ಲಾಟ್‌ನಲ್ಲಿ ನೋಡುವುದು. ವೆಸ್ಟರ್ನ್ ಬ್ಲಾಟ್ ಅಂದರೆ ಪ್ರೊಟೀನ್‌ಗಳನ್ನು ಜೆಲ್‌ನಲ್ಲಿ ಗಾತ್ರದ ಪ್ರಕಾರ ಬೇರ್ಪಡಿಸಿ, ಬೇಕಾದ ಪ್ರೊಟೀನ್‌ಗೆ ಅಂಟುವ ಆಂಟಿಬಾಡಿಯಿಂದ ಅದನ್ನು ಬ್ಯಾಂಡ್ ಆಗಿ ತೋರಿಸುವ ವಿಧಾನ. ಅದನ್ನು ಹೇಗೆ ಮಾಡಬೇಕು, ಬಂದ ಬ್ಯಾಂಡ್‌ಗಳನ್ನು ಹೇಗೆ ಓದಬೇಕು ಅಂತ ಇಲ್ಲಿ ಬರೆದಿದ್ದೇನೆ. ಲ್ಯಾಬ್ ಇಲ್ಲದವರು ಪ್ರಬಂಧಗಳಲ್ಲಿ ಬರುವ ಬ್ಲಾಟ್ ಓದುವುದಕ್ಕಾದರೂ ಇದನ್ನು ಬಳಸಬಹುದು.

ಮೊದಲು ದಾರಿ ತಿಳಿದಿರಲಿ

ಎಲ್‌ಪಿಎಸ್ ಅಂದರೆ ಲಿಪೊಪಾಲಿಸ್ಯಾಕರೈಡ್. ಇ. ಕೋಲೈ, ಸಾಲ್ಮೊನೆಲ್ಲಾದಂಥ ಗ್ರಾಮ್ ನೆಗೆಟಿವ್ ಬ್ಯಾಕ್ಟೀರಿಯಾಗಳ ಹೊರಪದರದಲ್ಲಿ ಇರುವ ವಸ್ತು. ಅದರಲ್ಲಿ ಕೋಶವನ್ನು ಕೆಣಕುವ ಭಾಗ ಲಿಪಿಡ್-ಎ. ಸೀರಮ್‌ನಲ್ಲಿರುವ ಎಲ್‌ಬಿಪಿ ಅನ್ನೋ ಪ್ರೊಟೀನ್ ಅದನ್ನು ಹಿಡಿದು ಕೋಶದ ಮೈಮೇಲಿನ ಸಿಡಿ14 ಎಂಬ ಪ್ರೊಟೀನ್‌ಗೆ ಕೊಡುತ್ತದೆ. ಸಿಡಿ14 ಅದನ್ನು ಎಂಡಿ-2ಕ್ಕೆ ದಾಟಿಸುತ್ತದೆ. ಎಂಡಿ-2 ಟಿಎಲ್‌ಆರ್4 (ಟೋಲ್ ಥರದ ರಿಸೆಪ್ಟರ್ 4) ಎಂಬ ರಿಸೆಪ್ಟರ್‌ಗೆ ಅಂಟಿಕೊಂಡೇ ಇರುತ್ತದೆ. ಲಿಪಿಡ್-ಎ ಒಳಗೆ ಕೂತಾಗ ಎರಡು ಟಿಎಲ್‌ಆರ್4 ಜೊತೆಯಾಗುತ್ತವೆ. ಅಲ್ಲಿಂದ ಕೋಶದ ಒಳಗಿನ ಕಥೆ ಶುರು.

ಈ ರಿಸೆಪ್ಟರ್ ಸಿಕ್ಕಿದ ಬಗೆಯೂ ಚೆನ್ನಾಗಿದೆ. 1996ರಲ್ಲಿ ಜೂಲ್ಸ್ ಹಾಫ್‌ಮನ್ ಅವರ ಲ್ಯಾಬ್‌ನಲ್ಲಿ ಬ್ರೂನೋ ಲೆಮೆಟ್ರ್ ಮತ್ತು ಜೊತೆಗಾರರು ಹಣ್ಣಿನ ನೊಣ ಶಿಲೀಂಧ್ರವನ್ನು ಎದುರಿಸಲು ಟೋಲ್ ಅನ್ನೋ ಜೀನ್ ಬೇಕೇ ಬೇಕು ಅಂತ ತೋರಿಸಿದರು. ಮರುವರ್ಷ ರುಸ್ಲಾನ್ ಮೆಡ್ಜಿಟೋವ್ ಮತ್ತು ಚಾರ್ಲ್ಸ್ ಜೇನ್‌ವೇ ಮನುಷ್ಯರಲ್ಲೂ ಅಂಥದ್ದೇ ಪ್ರೊಟೀನ್ ಇದೆ ಅಂದರು. 1998ರಲ್ಲಿ ಬ್ರೂಸ್ ಬ್ಯೂಟ್ಲರ್ ತಂಡ ಸಿ3ಎಚ್/ಎಚ್‌ಇಜೆ ಅನ್ನೋ ಇಲಿ ತಳಿ ಎಲ್‌ಪಿಎಸ್‌ಗೆ ಯಾಕೆ ಸ್ಪಂದಿಸುವುದಿಲ್ಲ ಅಂತ ಹುಡುಕಿತು. ಟಿಎಲ್‌ಆರ್4ರ 712ನೇ ಜಾಗದಲ್ಲಿ ಪ್ರೋಲೀನ್ ಬದಲು ಹಿಸ್ಟಿಡೀನ್ ಇತ್ತು. ಒಂದೇ ಅಮೈನೋ ಆಮ್ಲ! ಆ ಜಾಗ ಕೋಶದ ಹೊರಗಲ್ಲ, ಒಳಗೆ ಚಾಚಿದ ಭಾಗದಲ್ಲಿದೆ. ಅಂದರೆ ಆ ಇಲಿಯ ರಿಸೆಪ್ಟರ್ ಎಲ್‌ಪಿಎಸ್ ಹಿಡಿದರೂ ಸುದ್ದಿಯನ್ನು ಒಳಗೆ ದಾಟಿಸಲಾರದು. ಬ್ಯೂಟ್ಲರ್ ಮತ್ತು ಹಾಫ್‌ಮನ್‌ಗೆ 2011ರ ನೊಬೆಲ್‌ನಲ್ಲಿ ಪಾಲು ಸಿಕ್ಕಿತು.

ಆ ಒಳಭಾಗಕ್ಕೆ ಟಿರಾಪ್ ಎಂಬ ಪ್ರೊಟೀನ್ ಮೂಲಕ ಮೈಡಿ88 ಬಂದು ಸೇರುತ್ತದೆ. ಅದರ ಮೇಲೆ ಐರಾಕ್4, ಆಮೇಲೆ ಐರಾಕ್1 ಮತ್ತು ಐರಾಕ್2. ಇವೆಲ್ಲ ಒಟ್ಟಾಗಿ ಕಟ್ಟುವ ಗೋಪುರಕ್ಕೆ ಮೈಡೋಸೋಮ್ ಅಂತ ಹೆಸರು. 2010ರಲ್ಲಿ ಹರಳುಗಟ್ಟಿಸಿ ನೋಡಿದ ರಚನೆಯಲ್ಲಿ 6 ಮೈಡಿ88, 4 ಐರಾಕ್4, 4 ಐರಾಕ್2 ಇದ್ದವು. ಐರಾಕ್‌ಗಳು ಟ್ರಾಫ್6 ಅನ್ನು ಎಬ್ಬಿಸುತ್ತವೆ. ಟ್ರಾಫ್6 ಯುಬಿಕ್ವಿಟಿನ್ ಎಂಬ ಪುಟ್ಟ ಪ್ರೊಟೀನ್‌ಗಳ ಸರಪಳಿ ಕಟ್ಟುತ್ತದೆ. ಆ ಸರಪಳಿಯ ಮೇಲೆ ಟ್ಯಾಕ್1 ಕೈನೇಸ್ ಬಂದು ಕೂರುತ್ತದೆ. ಕೈನೇಸ್ ಅಂದರೆ ಬೇರೆ ಪ್ರೊಟೀನ್‌ಗೆ ಫಾಸ್ಫೇಟ್ ಅಂಟಿಸುವ ಕಿಣ್ವ. ಟ್ಯಾಕ್1 ಇಂದ ದಾರಿ ಕವಲೊಡೆಯುತ್ತದೆ. ಒಂದು ಕವಲು ಪಿ38, ಜೆಎನ್‌ಕೆ ಎಂಬ ಕೈನೇಸ್‌ಗಳ ಕಡೆಗೆ. ಇನ್ನೊಂದು ಐಕೆಕೆ ಎಂಬ ಕೈನೇಸ್ ಕಡೆಗೆ.

ಐಕೆಕೆ ಕವಲಿನ ಕೊನೆಯಲ್ಲಿದೆ ನಾವು ನೋಡಬೇಕಾದದ್ದು. ಎನ್‌ಎಫ್-ಕಪ್ಪಾ-ಬಿ ಅನ್ನೋ ಜೋಡಿ, ಅಂದರೆ ಪಿ65 ಮತ್ತು ಪಿ50, ಕೋಶದ್ರವದಲ್ಲಿ ಮೊದಲೇ ತಯಾರಾಗಿ ಕಾದಿರುತ್ತದೆ. ಅದನ್ನು ಐಕಪ್ಪಾಬಿ-ಆಲ್ಫಾ ಅನ್ನೋ ಪ್ರೊಟೀನ್ ತಡೆದು ಹಿಡಿದಿರುತ್ತದೆ. ಮುಂದೆ ಸುಮ್ನೆ ಐಕಪ್ಪಾಬಿ ಅಂತ ಬರೆಯುತ್ತೇನೆ. ಐಕೆಕೆ ಅದರ 32 ಮತ್ತು 36ನೇ ಸೆರೀನ್‌ಗಳಿಗೆ ಫಾಸ್ಫೇಟ್ ಅಂಟಿಸುತ್ತದೆ. ಆ ಗುರುತು ನೋಡಿ ಇನ್ನೊಂದು ಕಿಣ್ವ ಅದಕ್ಕೆ ಯುಬಿಕ್ವಿಟಿನ್ ಕಟ್ಟುತ್ತದೆ. ಪ್ರೋಟಿಯಾಸೋಮ್ ಅದನ್ನು ಚೂರು ಮಾಡುತ್ತದೆ. ಹಿಡಿತ ತಪ್ಪಿದ ಪಿ65 ಕೋಶಕೇಂದ್ರದೊಳಗೆ ನುಗ್ಗಿ ಜೀನ್‌ಗಳನ್ನು ಚಾಲೂ ಮಾಡುತ್ತದೆ.

ಒಂದು ವಿಷಯ ಗಮನಿಸಿ. ಟ್ರಾಫ್6 ಕಟ್ಟುವ ಸರಪಳಿಯೂ ಯುಬಿಕ್ವಿಟಿನ್, ಐಕಪ್ಪಾಬಿಗೆ ಕಟ್ಟುವುದೂ ಯುಬಿಕ್ವಿಟಿನ್. ಮೊದಲನೆಯದರಲ್ಲಿ ಕೊಂಡಿಗಳು 63ನೇ ಲೈಸೀನ್ ಮೂಲಕ ಸೇರುತ್ತವೆ, ಅದು ಪ್ರೊಟೀನ್‌ಗಳು ಬಂದು ಕೂರುವ ಜಗಲಿ. ಎರಡನೆಯದರಲ್ಲಿ 48ನೇ ಲೈಸೀನ್ ಮೂಲಕ, ಅದು ಸಾವಿನ ಚೀಟಿ. ಅದೇ ಯುಬಿಕ್ವಿಟಿನ್, ಬೇರೆ ಕೊಂಡಿ, ಬೇರೆ ಅರ್ಥ. ಎಷ್ಟು ಸಲ ಪಾಠ ಮಾಡಿದರೂ ನನಗೆ ಇಲ್ಲಿ ಬಂದಾಗ ಸಂತೋಷ ಆಗುತ್ತದೆ.

ಯಾವ ಕೋಶ

ಕಲಿಯುವುದಕ್ಕೆ ರಾ 264.7 ಅನ್ನೋ ಇಲಿ ಮ್ಯಾಕ್ರೋಫೇಜ್ ಕೋಶಸಾಲು, ಅಂದರೆ ಲ್ಯಾಬ್‌ನಲ್ಲಿ ಬೆಳೆಯುತ್ತಲೇ ಇರುವ ಕೋಶಗಳು, ಸಾಕು. ಚೆನ್ನಾಗಿ ಬೆಳೆಯುತ್ತದೆ, ಎಲ್‌ಪಿಎಸ್‌ಗೆ ಜೋರಾಗಿ ಸ್ಪಂದಿಸುತ್ತದೆ. ಮನುಷ್ಯರ ಕೋಶವೇ ಬೇಕು ಅಂದರೆ ಟಿಎಚ್‌ಪಿ-1 ಇದೆ. ಅದು ತೇಲುವ ಮೋನೋಸೈಟ್. ಪಿಎಂಎ ಎಂಬ ರಾಸಾಯನಿಕ ಹಾಕಿ ಅದನ್ನು ಮ್ಯಾಕ್ರೋಫೇಜ್ ಥರ ಅಂಟಿಸಿಕೊಳ್ಳಬೇಕು. ಪಿಎಂಎ ತಾನೇ ಎನ್‌ಎಫ್-ಕಪ್ಪಾ-ಬಿಯನ್ನು ಎಬ್ಬಿಸುತ್ತದೆ. ಆದ್ದರಿಂದ ಅದನ್ನು ತೆಗೆದ ಮೇಲೆ ಕನಿಷ್ಠ ಒಂದು ದಿನ ಕೋಶಗಳಿಗೆ ಬಿಡುವು ಕೊಡಿ. ಇಲಿಯ ಮೂಳೆಮಜ್ಜೆಯಿಂದ ಎಂ-ಸಿಎಸ್‌ಎಫ್ ಎಂಬ ಬೆಳವಣಿಗೆಯ ಪ್ರೊಟೀನ್ ಕೊಟ್ಟು ಒಂದು ವಾರದಲ್ಲಿ ಬೆಳೆಸುವ ಮ್ಯಾಕ್ರೋಫೇಜ್‌ಗಳು ನಿಜವಾದ ದೇಹಕ್ಕೆ ಹತ್ತಿರ. ಕೈ ಪಳಗಿದ ಮೇಲೆ ಅದಕ್ಕೆ ಹೋಗಿ.

ರಾ ಕೋಶಗಳನ್ನು ಟ್ರಿಪ್ಸಿನ್ ಹಾಕಿ ಎಬ್ಬಿಸಬೇಡಿ. ಟ್ರಿಪ್ಸಿನ್ ಕೋಶದ ಮೈಮೇಲಿನ ಪ್ರೊಟೀನ್‌ಗಳನ್ನೂ ಕತ್ತರಿಸುತ್ತದೆ, ಸ್ಕ್ರೇಪರ್‌ನಿಂದ ಮೆಲ್ಲಗೆ ಬಿಡಿಸಿದರೆ ಸಾಕು. ಹಿಂದಿನ ಸಂಜೆ 6 ಗುಂಡಿಯ ಪ್ಲೇಟ್‌ನಲ್ಲಿ ಗುಂಡಿಗೆ ಸುಮಾರು 10 ಲಕ್ಷ ಕೋಶ ಹಾಕಿ. ಬೆಳಗ್ಗೆ ಮೈಕ್ರೋಸ್ಕೋಪ್‌ನಲ್ಲಿ ನೋಡಿ. ಗುಂಡಗೆ, ಹೊಳೆಯುತ್ತಾ, ಒಂದೇ ಗಾತ್ರದಲ್ಲಿ ಇದ್ದರೆ ಮುಂದುವರಿಯಿರಿ. ಏನೂ ಹಾಕುವ ಮೊದಲೇ ಚಪ್ಪಟೆಯಾಗಿ, ಕೈಕಾಲು ಚಾಚಿ, ಒಳಗೆ ಗುಳ್ಳೆಗಳಿದ್ದರೆ ಅವನ್ನು ಈಗಾಗಲೇ ಯಾವುದೋ ಕೆಣಕಿದೆ. ಆ ಪ್ಲೇಟ್ ಬಿಟ್ಟುಬಿಡಿ. ಒಮ್ಮೆ ಎಲ್‌ಪಿಎಸ್ ಕಂಡ ಮ್ಯಾಕ್ರೋಫೇಜ್ ಎರಡನೇ ಸಲ ಮಂಕಾಗಿ ಸ್ಪಂದಿಸುತ್ತದೆ. ಅದಕ್ಕೆ ಎಂಡೊಟಾಕ್ಸಿನ್ ಟಾಲರೆನ್ಸ್ ಅನ್ನುತ್ತಾರೆ (ಎಂಡೊಟಾಕ್ಸಿನ್ ಅಂದರೆ ಎಲ್‌ಪಿಎಸ್‌ನ ಇನ್ನೊಂದು ಹೆಸರು). ಅಂಥ ಕೋಶದಲ್ಲಿ ನೀವು ನೋಡುವುದು ಇವತ್ತಿನ ಸಂದೇಶ ಅಲ್ಲ, ಹಳೆಯದರ ನೆನಪು.

ಎಲ್‌ಪಿಎಸ್ ಎಂಬ ಹಟಮಾರಿ

ಎಲ್‌ಪಿಎಸ್ ನೀರಿನಲ್ಲಿ ಉಪ್ಪಿನ ಥರ ಕರಗುವುದಿಲ್ಲ. ಒಂದಕ್ಕೊಂದು ಅಂಟಿಕೊಂಡು ಗುಂಪುಗುಂಪಾಗಿ ಇರುತ್ತದೆ. ಪ್ಲಾಸ್ಟಿಕ್ ಗೋಡೆಗೂ ಅಂಟುತ್ತದೆ. ಆದ್ದರಿಂದ ಸ್ಟಾಕ್ ಅನ್ನು, ಅಂದರೆ ಮಿಲಿಲೀಟರ್‌ಗೆ 1 ಮಿಲಿಗ್ರಾಂ ದ್ರಾವಣವನ್ನು, ಬಳಸುವ ಮುಂಚೆ ಪ್ರತಿ ಸಲವೂ ಜೋರಾಗಿ ವಾರ್ಟೆಕ್ಸ್ ಮಾಡಿ. ಸೋನಿಕೇಟರ್ ಬಾತ್ ಇದ್ದರೆ ಕೆಲವು ನಿಮಿಷ ಅದರಲ್ಲಿಡಿ. ಸಣ್ಣ ಸಣ್ಣ ಪಾಲು ಮಾಡಿ ಫ್ರೀಜ್ ಮಾಡಿಟ್ಟರೆ ಮತ್ತೆ ಮತ್ತೆ ಕರಗಿಸುವ ತಾಪತ್ರಯ ಇಲ್ಲ.

ಶುದ್ಧತೆಯ ಬಗ್ಗೆ ನಾನು ತುಂಬಾ ಬಿಗಿ. ಸಾಮಾನ್ಯ ಎಲ್‌ಪಿಎಸ್ ಬಾಟಲಿಯಲ್ಲಿ ಬ್ಯಾಕ್ಟೀರಿಯಾದ ಲಿಪೊಪ್ರೊಟೀನ್‌ಗಳೂ ಸ್ವಲ್ಪ ಉಳಿದಿರುತ್ತವೆ. ಅವು ಅದೇ ಕುಟುಂಬದ ಇನ್ನೊಂದು ರಿಸೆಪ್ಟರ್ ಟಿಎಲ್‌ಆರ್2 ಅನ್ನು ಎಬ್ಬಿಸುತ್ತವೆ. ಆಗ ನೀವು ಟಿಎಲ್‌ಆರ್4 ಅಂತ ಬರೆದುಕೊಳ್ಳುವ ಫಲಿತಾಂಶದಲ್ಲಿ ಟಿಎಲ್‌ಆರ್2 ಕೂಡ ಬೆರೆತಿರುತ್ತದೆ. ಮತ್ತೊಮ್ಮೆ ಶುದ್ಧ ಮಾಡಿದ, ಅಲ್ಟ್ರಾಪ್ಯೂರ್ ಅಂತ ಬರುವ ಎಲ್‌ಪಿಎಸ್ ತೆಗೆದುಕೊಳ್ಳಿ.

ಉಲ್ಟಾ ತೊಂದರೆಯೂ ಇದೆ. ಬೇಡದ ಜಾಗದಲ್ಲೆಲ್ಲ ಎಲ್‌ಪಿಎಸ್ ಸಿಗುತ್ತದೆ. ನೀರಿನಲ್ಲಿ, ಗಾಜಿನ ಪಾತ್ರೆಯಲ್ಲಿ, ಇ. ಕೋಲೈನಲ್ಲಿ ತಯಾರಿಸಿದ ಪ್ರೊಟೀನ್‌ಗಳಲ್ಲಿ. ಆಟೋಕ್ಲೇವ್ ಮಾಡಿದರೆ ಬ್ಯಾಕ್ಟೀರಿಯಾ ಸಾಯುತ್ತದೆ, ಎಲ್‌ಪಿಎಸ್ ಮಾತ್ರ ಹಾಗೇ ಉಳಿಯುತ್ತದೆ. ಗಾಜನ್ನು 250 ಡಿಗ್ರಿ ಸೆಲ್ಸಿಯಸ್ ಒಣ ಶಾಖದಲ್ಲಿ ಅರ್ಧ ಗಂಟೆ ಇಟ್ಟರೆ ನಾಶವಾಗುತ್ತದೆ. ನಿಮ್ಮ ಕೈಲಿರುವ ಯಾವುದೋ ಹೊಸ ಪ್ರೊಟೀನ್ ಮ್ಯಾಕ್ರೋಫೇಜ್‌ಗಳನ್ನು ಎಬ್ಬಿಸುತ್ತಿದೆ ಅಂತ ಕಂಡರೆ ಖುಷಿಪಡುವ ಮೊದಲು ಪಾಲಿಮಿಕ್ಸಿನ್-ಬಿ ಜೊತೆ ಮತ್ತೆ ಮಾಡಿ. ಅದು ಎಲ್‌ಪಿಎಸ್ ಅನ್ನು ಹಿಡಿದು ಕಟ್ಟಿಹಾಕುತ್ತದೆ. ಸ್ಪಂದನೆ ಮಾಯವಾದರೆ ಅದು ನಿಮ್ಮ ಪ್ರೊಟೀನ್‌ನ ಕೆಲಸ ಆಗಿರಲಿಲ್ಲ. ಒಂದು ಸಣ್ಣ ಕುದಿಸುವ ಪರೀಕ್ಷೆಯೂ ಇದೆ. ಕುದಿಸಿದರೆ ಹೆಚ್ಚಿನ ಪ್ರೊಟೀನ್‌ಗಳು ಕೆಡುತ್ತವೆ, ಎಲ್‌ಪಿಎಸ್ ಕೆಡುವುದಿಲ್ಲ.

ಗಡಿಯಾರವನ್ನು ಹಿಂದಕ್ಕೆ ಹಾಕಿ

ಈಗ ಮುಖ್ಯ ಭಾಗ. ಹೊತ್ತುಗಳು 0, 5, 15, 30, 60, 120 ನಿಮಿಷ. ಆರು ಗುಂಡಿ, ಆರು ಹೊತ್ತು.

ಹೊಸಬರು ಎಲ್ಲ ಗುಂಡಿಗೂ ಒಟ್ಟಿಗೆ ಎಲ್‌ಪಿಎಸ್ ಹಾಕಿ ಒಂದೊಂದನ್ನೇ ತೆಗೆಯಲು ಹೋಗುತ್ತಾರೆ. ಆಗ ಪ್ಲೇಟ್ ಒಂದೇ ಇದ್ದರೂ ಪ್ರತಿ ಗುಂಡಿ ಬೇರೆ ಹೊತ್ತಿನಲ್ಲಿ ಲೈಸಿಸ್ ಆಗುತ್ತದೆ, ಅಂದರೆ ಅದರ ಕೋಶಗಳು ಒಡೆಯುತ್ತವೆ. ಮೊದಲ ಸ್ಯಾಂಪಲ್ ಎರಡು ಗಂಟೆ ಐಸ್ ಮೇಲೆ ಕಾಯುತ್ತದೆ, ಕೊನೆಯದು ಕಾಯುವುದೇ ಇಲ್ಲ. ಉಲ್ಟಾ ಮಾಡಿ. 10 ಗಂಟೆಗೆ 120 ನಿಮಿಷದ ಗುಂಡಿಗೆ ಹಾಕಿ. 11ಕ್ಕೆ 60ರದ್ದು. 11:30ಕ್ಕೆ 30ರದ್ದು. 11:45ಕ್ಕೆ 15ರದ್ದು. 11:55ಕ್ಕೆ 5ರದ್ದು. ಸರಿಯಾಗಿ 12ಕ್ಕೆ ಪ್ಲೇಟ್ ಪೂರ್ತಿ ಐಸ್ ಮೇಲೆ. ಎಲ್ಲವೂ ಒಂದೇ ಕ್ಷಣದಲ್ಲಿ ನಿಲ್ಲುತ್ತವೆ.

ಸೊನ್ನೆ ಗುಂಡಿಗೂ 10 ಗಂಟೆಗೇ ಎಲ್‌ಪಿಎಸ್ ಇಲ್ಲದ ಮೀಡಿಯಂ ಅಷ್ಟೇ ಪ್ರಮಾಣದಲ್ಲಿ ಹಾಕಿ. ಇಲ್ಲದಿದ್ದರೆ ಬದಲಾವಣೆ ಎಲ್‌ಪಿಎಸ್‌ನಿಂದಲೋ ಮೀಡಿಯಂ ಸುರಿದಿದ್ದರಿಂದಲೋ ಅಂತ ಹೇಳಲಾಗದು. ಮ್ಯಾಕ್ರೋಫೇಜ್‌ಗಳು ಅಲುಗಾಟಕ್ಕೂ ಚಳಿಗೂ ಪ್ರತಿಕ್ರಿಯಿಸುತ್ತವೆ. ಪಿ38 ಮತ್ತು ಜೆಎನ್‌ಕೆ ವಿಶೇಷವಾಗಿ ಹಾಗೆ.

ಲೆಕ್ಕ ಹೀಗೆ. ಗುಂಡಿಯಲ್ಲಿ 1.8 ಮಿಲಿಲೀಟರ್ ಮೀಡಿಯಂ ಇರಲಿ. ಎಲ್‌ಪಿಎಸ್ ಅನ್ನು ಮಿಲಿಲೀಟರ್‌ಗೆ 1 ಮೈಕ್ರೋಗ್ರಾಂ ಇರುವಂತೆ ಬೆಚ್ಚಗಿನ ಮೀಡಿಯಂನಲ್ಲಿ ಮಾಡಿಟ್ಟುಕೊಳ್ಳಿ. ಅದರಿಂದ 200 ಮೈಕ್ರೋಲೀಟರ್ ಅಂಚಿನಿಂದ ಮೆಲ್ಲಗೆ ಬಿಡಿ. ಕೊನೆಗೆ ಮಿಲಿಲೀಟರ್‌ಗೆ 100 ನ್ಯಾನೋಗ್ರಾಂ ಆಗುತ್ತದೆ. ಮೊದಲ ಪ್ರಯೋಗಕ್ಕೆ ಇದು ಸುರಕ್ಷಿತ ಪ್ರಮಾಣ, ಸಂದೇಶ ಖಂಡಿತ ಕಾಣುತ್ತದೆ. ಸೀರಮ್ ತೆಗೆಯಬೇಡಿ. ಎಲ್‌ಬಿಪಿ ಇರುವುದು ಅದರಲ್ಲೇ. ಸೀರಮ್ ಇಲ್ಲದಿದ್ದರೆ ಕಡಿಮೆ ಪ್ರಮಾಣದ ಎಲ್‌ಪಿಎಸ್‌ಗೆ ಕೋಶ ಸರಿಯಾಗಿ ಸ್ಪಂದಿಸುವುದಿಲ್ಲ.

12 ಗಂಟೆ ಆದ ಮೇಲೆ ಮಾತಾಡುತ್ತಾ ನಿಲ್ಲಬೇಡಿ. ಮೀಡಿಯಂ ಹೀರಿ, ಐಸ್‌ನಷ್ಟು ತಣ್ಣಗಿನ ಪಿಬಿಎಸ್‌ನಲ್ಲಿ ಒಮ್ಮೆ ತೊಳೆದು, ಲೈಸಿಸ್ ಬಫರ್ ಹಾಕಿ. ಬಫರ್‌ನಲ್ಲಿ ಪ್ರೋಟಿಯೇಸ್ ತಡೆಯುವ ಮಿಶ್ರಣದ ಜೊತೆಗೆ ಫಾಸ್ಫಟೇಸ್ ತಡೆಯುವ ಸೋಡಿಯಂ ಫ್ಲೋರೈಡ್ ಮತ್ತು ಆರ್ಥೋವೆನಡೇಟ್ ಇರಲೇಬೇಕು. ಕೋಶ ಒಡೆದ ಕ್ಷಣದಿಂದ ಫಾಸ್ಫಟೇಸ್‌ಗಳು ಫಾಸ್ಫೇಟ್‌ಗಳನ್ನು ಕಿತ್ತುಹಾಕಲು ಶುರು ಮಾಡುತ್ತವೆ. ನೀವು ಓದಬೇಕಾದ ಬರಹವನ್ನೇ ಅವು ಅಳಿಸುತ್ತವೆ. ವೆನಡೇಟ್ ಅನ್ನು ಪಿಎಚ್ 10ಕ್ಕೆ ತಂದು, ಬಣ್ಣ ಹೋಗುವ ತನಕ ಕುದಿಸಿ, ಮತ್ತೆ ಪಿಎಚ್ ಸರಿಮಾಡಿ ಸಿದ್ಧಪಡಿಸಬೇಕು. ಹಾಗೆ ಮಾಡದ ವೆನಡೇಟ್ ಅರ್ಧಂಬರ್ಧ ಕೆಲಸ ಮಾಡುತ್ತದೆ.

ಜೆಲ್ ಮತ್ತು ಮೆಂಬ್ರೇನ್ ಬಗ್ಗೆ ಎರಡೇ ಮಾತು

ಉಳಿದ ವೆಸ್ಟರ್ನ್ ವಿಧಾನ ಎಲ್ಲ ಲ್ಯಾಬ್‌ನಲ್ಲೂ ಇರುತ್ತದೆ, ಅದನ್ನು ಪೂರ್ತಿ ಬರೆಯುವುದಿಲ್ಲ. ಪ್ರೊಟೀನ್ ಅಳೆದು ಎಲ್ಲ ಲೇನ್‌ಗೂ ಸಮ ಹಾಕಿ, 20 ರಿಂದ 30 ಮೈಕ್ರೋಗ್ರಾಂ. 10 ಶೇಕಡಾ ಜೆಲ್ ಸಾಕು.

ಆದರೆ ಈ ಪ್ರಯೋಗಕ್ಕೆ ಮಾತ್ರ ಸಂಬಂಧಿಸಿದ ಒಂದು ವಿಷಯ ಹೇಳಲೇಬೇಕು. ಐಕಪ್ಪಾಬಿ ಸುಮಾರು 39 ಕಿಲೋಡಾಲ್ಟನ್ ಹತ್ತಿರ ಓಡುತ್ತದೆ. ಎಲ್ಲರೂ ಅಭ್ಯಾಸಬಲದಿಂದ ಲೋಡಿಂಗ್ ಕಂಟ್ರೋಲ್ ಆಗಿ, ಅಂದರೆ ಎಲ್ಲ ಲೇನ್‌ಗೂ ಸಮ ಪ್ರೊಟೀನ್ ಬಿದ್ದಿದೆಯೇ ಅಂತ ನೋಡಲು, ಬಳಸುವ ಆಕ್ಟಿನ್ 42ರಲ್ಲಿ, ಗ್ಯಾಪ್‌ಡಿಎಚ್ 37ರಲ್ಲಿ. ಎರಡೂ ಐಕಪ್ಪಾಬಿಯ ಮಗ್ಗುಲಲ್ಲೇ ಕೂರುತ್ತವೆ. ಅದೇ ಮೆಂಬ್ರೇನ್ ಮೇಲೆ ಆಕ್ಟಿನ್ ಆಂಟಿಬಾಡಿ ಹಾಕಿದರೆ ಐಕಪ್ಪಾಬಿ ಮಾಯವಾದ ಜಾಗಕ್ಕೆ ಆಕ್ಟಿನ್‌ನ ದಪ್ಪ ಬ್ಯಾಂಡ್ ಹರಡಿಕೊಂಡು ಎಲ್ಲ ಗೊಂದಲವಾಗುತ್ತದೆ. ಟ್ಯುಬ್ಯುಲಿನ್ ಬಳಸಿ, ಅದು 50ರ ಮೇಲಿದೆ. ವಿಂಕ್ಯುಲಿನ್ ಇನ್ನೂ ಮೇಲೆ.

ಫಾಸ್ಫೇಟ್ ಹತ್ತಿದ ರೂಪವನ್ನು ಮಾತ್ರ ಹಿಡಿಯುವ ಫಾಸ್ಫೋ ಆಂಟಿಬಾಡಿಗಳಿಗೆ ಹಾಲಿನ ಪುಡಿ ಬದಲು ಬಿಎಸ್‌ಎ ಎಂಬ ಪ್ರೊಟೀನ್‌ನಲ್ಲಿ ಬ್ಲಾಕ್ ಮಾಡಿ. ಹಾಲಿನ ಕೇಸಿನ್ ತಾನೇ ಫಾಸ್ಫೇಟ್ ಹೊತ್ತ ಪ್ರೊಟೀನ್, ಹಿನ್ನೆಲೆ ಕೊಳೆಯಾಗಬಹುದು. ಒಂದೇ ಆಂಟಿಬಾಡಿ ಕೊಳ್ಳಲು ಸಾಧ್ಯ ಅಂದರೆ ನಾನು ಹೇಳುವುದು ಸಾದಾ ಐಕಪ್ಪಾಬಿ ಆಂಟಿಬಾಡಿ. ಎರಡನೆಯದಕ್ಕೆ ಫಾಸ್ಫೋ-ಪಿ38. ಪಿ65ರ 536ನೇ ಸೆರೀನ್ ನೋಡುವ ಆಂಟಿಬಾಡಿ ಜನಪ್ರಿಯ, ಬ್ಯಾಂಡ್ ಚಂದ ಬರುತ್ತದೆ. ಆದರೆ ಆ ಫಾಸ್ಫೇಟ್ ಇದೆ ಅಂದ ಮಾತ್ರಕ್ಕೆ ಪಿ65 ಕೋಶಕೇಂದ್ರಕ್ಕೆ ಹೋಗಿದೆ ಅಂತ ಅಲ್ಲ. ಅದನ್ನು ನೋಡಬೇಕಾದರೆ ಕೋಶಕೇಂದ್ರ ಬೇರ್ಪಡಿಸಿ ನೋಡಿ, ಇಲ್ಲವೇ ಕೋಶಗಳಿಗೆ ಬಣ್ಣ ಹಾಕಿ ಮೈಕ್ರೋಸ್ಕೋಪ್‌ನಲ್ಲಿ ನೋಡಿ.

ಬ್ಯಾಂಡ್ ಓದುವುದು

ಒಬ್ಬ ವಿದ್ಯಾರ್ಥಿನಿ ತನ್ನ ಮೊದಲ ಬ್ಲಾಟ್ ಹಿಡಿದುಕೊಂಡು ಬೇಜಾರಲ್ಲಿ ಬಂದಿದ್ದಳು. "ಮೇಡಂ, 15 ನಿಮಿಷದ ಲೇನ್ ಖಾಲಿ ಇದೆ. ಸ್ಯಾಂಪಲ್ ಲೋಡ್ ಆಗಿಲ್ಲ ಅನ್ಸುತ್ತೆ."

"ಟ್ಯುಬ್ಯುಲಿನ್ ನೋಡಮ್ಮ," ಅಂದೆ.

ಟ್ಯುಬ್ಯುಲಿನ್ ಆರೂ ಲೇನ್‌ನಲ್ಲಿ ಸಮನಾಗಿತ್ತು. ಅವಳು ಬ್ಲಾಟ್ ಅನ್ನು ಮತ್ತೆ ನೋಡಿದಳು, ನನ್ನನ್ನು ನೋಡಿದಳು. "ಹಾಗಾದ್ರೆ ಖಾಲಿ ಇರೋದೇ ಉತ್ತರಾನಾ?" ಹೌದು, ಅದೇ ಉತ್ತರ. ಬ್ಯಾಂಡ್ ಇಲ್ಲದಿರುವುದನ್ನು ಓದುವುದು ಈ ಪ್ರಯೋಗದಲ್ಲಿ ಕಲಿಯಬೇಕಾದ ಮೊದಲ ಪಾಠ.

ಚೆನ್ನಾಗಿ ಬಂದ ಬ್ಲಾಟ್ ಸಾಮಾನ್ಯವಾಗಿ ಹೀಗಿರುತ್ತದೆ. ಸೊನ್ನೆಯಲ್ಲಿ ಐಕಪ್ಪಾಬಿ ಗಾಢವಾಗಿ ಇದೆ. 5 ನಿಮಿಷದಲ್ಲಿ ಹೆಚ್ಚು ಕಡಿಮೆ ಹಾಗೇ. ಆ ಹೊತ್ತಿಗೆ ಗೋಪುರ ಕಟ್ಟುವ ಕೆಲಸ ನಡೆಯುತ್ತಿರುತ್ತದೆ. ಬ್ಯಾಂಡ್ ಸ್ವಲ್ಪ ಮೇಲಕ್ಕೆ ಸರಿದಂತೆ ಅಥವಾ ಎರಡಾಗಿ ಸೀಳಿದಂತೆ ಕಂಡರೆ ಅದು ಫಾಸ್ಫೇಟ್ ಹತ್ತಿದ ರೂಪ. 15ರಿಂದ 30 ನಿಮಿಷದೊಳಗೆ ಐಕಪ್ಪಾಬಿ ತೀರಾ ಕಡಿಮೆ ಅಥವಾ ಇಲ್ಲವೇ ಇಲ್ಲ. ಅದೇ ಲೇನ್‌ಗಳಲ್ಲಿ ಫಾಸ್ಫೋ-ಪಿ38 ಹೊಳೆಯುತ್ತದೆ. 60ರ ಹೊತ್ತಿಗೆ ಐಕಪ್ಪಾಬಿ ಮತ್ತೆ ಮೂಡುತ್ತದೆ, 120ರಲ್ಲಿ ಇನ್ನೂ ಸ್ಪಷ್ಟ. ನಿಮ್ಮ ಕೋಶ, ನಿಮ್ಮ ಎಲ್‌ಪಿಎಸ್ ಪ್ರಮಾಣಕ್ಕೆ ತಕ್ಕಂತೆ ಈ ನಿಮಿಷಗಳು ಹಿಂದೆ ಮುಂದೆ ಆಗುತ್ತವೆ. ಕ್ರಮ ಮಾತ್ರ ಬದಲಾಗುವುದಿಲ್ಲ.

ಮತ್ತೆ ಮೂಡುವ ಆ ಬ್ಯಾಂಡ್ ಮೇಲೆ ಸ್ವಲ್ಪ ಹೊತ್ತು ನಿಲ್ಲಿ. ಅದು ಹಳೆಯ ಐಕಪ್ಪಾಬಿ ಅಲ್ಲ. ಹಳೆಯದು ಚೂರಾಗಿ ಹೋಯಿತು. ಇದು ಹೊಸದಾಗಿ ತಯಾರಾದದ್ದು. ಯಾರು ತಯಾರಿಸಿದರು? ಪಿ65 ಕೋಶಕೇಂದ್ರಕ್ಕೆ ಹೋಗಿ ಎಬ್ಬಿಸುವ ಜೀನ್‌ಗಳಲ್ಲಿ ಐಕಪ್ಪಾಬಿಯ ಜೀನ್ ಕೂಡ ಒಂದು. ಬೆಂಕಿ ಹಚ್ಚಿದವನೇ ಕೈಯಲ್ಲಿ ನೀರಿನ ಕೊಡವನ್ನೂ ಹಿಡಿದು ಬಂದ ಹಾಗೆ. ಹೊಸ ಐಕಪ್ಪಾಬಿ ಕೋಶಕೇಂದ್ರದೊಳಗೆ ಹೋಗಿ ಪಿ65 ಅನ್ನು ಡಿಎನ್‌ಎಯಿಂದ ಬಿಡಿಸಿ ಹೊರಗೆ ಕರೆದುಕೊಂಡು ಬರುತ್ತದೆ. ಎ20 ಅನ್ನೋ ಇನ್ನೊಂದು ಪ್ರೊಟೀನ್ ಕೂಡ ಇದೇ ರೀತಿ ಪಿ65 ಕೈಯಲ್ಲೇ ತಯಾರಾಗುತ್ತದೆ. ಅದು ಟ್ರಾಫ್6 ಮಟ್ಟದಲ್ಲೇ ಸಂದೇಶ ತಗ್ಗಿಸುತ್ತದೆ. ಎ20 ಇಲ್ಲದ ಇಲಿಗಳು ತೀವ್ರ ಉರಿಯೂತದಿಂದ ಮರಿಯಲ್ಲೇ ಸಾಯುತ್ತವೆ. ಚಾಲೂ ಮಾಡುವುದು ಎಷ್ಟು ಮುಖ್ಯವೋ ಆರಿಸುವುದೂ ಅಷ್ಟೇ ಮುಖ್ಯ ಅನ್ನೋದಕ್ಕೆ ಬೇರೆ ಸಾಕ್ಷಿ ಬೇಕಾ?

ಇದೇ ಕಾರಣಕ್ಕೆ ಒಂದೇ ಹೊತ್ತಿನ ಬ್ಲಾಟ್ ನನಗೆ ಒಪ್ಪಿಗೆ ಆಗುವುದಿಲ್ಲ. ಬರೀ 0 ಮತ್ತು 120 ನಿಮಿಷ ನೋಡಿದವರಿಗೆ ಎರಡೂ ಲೇನ್‌ನಲ್ಲಿ ಐಕಪ್ಪಾಬಿ ಕಾಣುತ್ತದೆ. "ಏನೂ ಆಗಿಲ್ಲ" ಅಂತ ಬರೆದುಬಿಡುತ್ತಾರೆ. ನಡುವೆ ಪ್ರೊಟೀನ್ ಪೂರ್ತಿ ನಾಶವಾಗಿ ಮತ್ತೆ ಹುಟ್ಟಿದ್ದು ಅವರ ಕಣ್ಣಿಗೆ ಬೀಳುವುದೇ ಇಲ್ಲ. ಯಾವುದೋ ಔಷಧಿ ಉರಿಯೂತ ತಡೆಯುತ್ತದೆ ಅಂತ ಒಂದೇ ಹೊತ್ತಿನ ಬ್ಲಾಟ್ ತೋರಿಸಿದರೆ ಮೊದಲು ಕೇಳಿ: ತಡೆಯಿತೋ, ತಡ ಮಾಡಿತೋ?

ನಿಮ್ಮ ಬ್ಲಾಟ್ ಅನ್ನು ಪ್ರಶ್ನೆ ಮಾಡಿ

ಎರಡನೇ ಪ್ಲೇಟ್‌ನಲ್ಲಿ ಕೆಲವು ತಡೆಗಳನ್ನು ಹಾಕಿ ನೋಡಿದರೆ ಪ್ರತಿ ಹಂತವನ್ನೂ ಬೇರೆ ಬೇರೆ ಮಾಡಿ ತಿಳಿಯಬಹುದು. ಟ್ಯಾಕ್-242 ಎಂಬ ರಾಸಾಯನಿಕ ಟಿಎಲ್‌ಆರ್4ರ ಒಳಭಾಗಕ್ಕೆ ಅಂಟಿ ಅದನ್ನು ಬಾಯಿ ಮುಚ್ಚಿಸುತ್ತದೆ. ಹೆಸರು ಹತ್ತಿರ ಇದ್ದರೂ ಟ್ಯಾಕ್1 ಕೈನೇಸ್‌ಗೂ ಇದಕ್ಕೂ ಸಂಬಂಧ ಇಲ್ಲ. ಒಂದು ಗಂಟೆ ಮುಂಚೆ 1 ಮೈಕ್ರೋಮೋಲಾರ್ ಹಾಕಿ, ಆಮೇಲೆ ಎಲ್‌ಪಿಎಸ್. ಐಕಪ್ಪಾಬಿ ಕರಗದೇ ಉಳಿದರೆ ನಿಮ್ಮ ಸಂದೇಶ ನಿಜವಾಗಿ ಟಿಎಲ್‌ಆರ್4 ಮೂಲಕ ಬಂದಿತ್ತು. ಇನ್ನೂ ಕರಗುತ್ತಿದ್ದರೆ ಎಲ್‌ಪಿಎಸ್ ಬಾಟಲಿಯ ಶುದ್ಧತೆ ನೋಡಿ.

ಎಂಜಿ132 ಪ್ರೋಟಿಯಾಸೋಮ್ ಅನ್ನು ತಡೆಯುತ್ತದೆ. ಅದನ್ನು ಮೊದಲೇ ಹಾಕಿದರೆ ಐಕಪ್ಪಾಬಿಗೆ ಫಾಸ್ಫೇಟ್ ಹತ್ತುತ್ತದೆ, ಆದರೆ ಅದು ಚೂರಾಗುವುದಿಲ್ಲ. ಫಾಸ್ಫೋ-ಐಕಪ್ಪಾಬಿ ಬ್ಯಾಂಡ್ ರಾಶಿಯಾಗಿ ನಿಲ್ಲುತ್ತದೆ. ಮಾಮೂಲಿ ಕೋಶದಲ್ಲಿ ಕಣ್ಣು ಮಿಟುಕಿಸುವುದರೊಳಗೆ ಹೋಗಿಬಿಡುವ ರೂಪವನ್ನು ಹೀಗೆ ಹಿಡಿದು ನಿಲ್ಲಿಸಿ ನೋಡಬಹುದು. ಸೈಕ್ಲೊಹೆಕ್ಸಿಮೈಡ್ ಹೊಸ ಪ್ರೊಟೀನ್ ತಯಾರಿಕೆಯನ್ನು ನಿಲ್ಲಿಸುತ್ತದೆ. ಅದರ ಜೊತೆ ಮಾಡಿದರೆ 15 ನಿಮಿಷದಲ್ಲಿ ಐಕಪ್ಪಾಬಿ ಹೋಗುತ್ತದೆ, 60ರಲ್ಲಿ ವಾಪಸ್ ಬರುವುದಿಲ್ಲ. ನಾನು ಮೇಲೆ ಹೇಳಿದ "ಹೊಸದು" ಅನ್ನೋ ಮಾತನ್ನು ನೀವೇ ಪರೀಕ್ಷಿಸಿ ನೋಡುವ ದಾರಿ ಇದು. ಕೈಗವಸು ಹಾಕಿ, ಅದು ವಿಷ.

ಎರಡು ಗಂಟೆಯ ಆಚೆ

ಮೈಡಿ88 ದಾರಿ ಬೇಗ ಓಡುತ್ತದೆ. ಟಿಎಲ್‌ಆರ್4ಕ್ಕೆ ಎರಡನೇ ದಾರಿಯೂ ಇದೆ. ಎಲ್‌ಪಿಎಸ್ ಹಿಡಿದ ರಿಸೆಪ್ಟರ್ ಎಂಡೊಸೋಮ್ ಗುಳ್ಳೆಯಾಗಿ ಒಳಗೆ ಹೋದ ಮೇಲೆ ಟ್ರಾಮ್ ಮತ್ತು ಟ್ರಿಫ್ ಎಂಬ ಪ್ರೊಟೀನ್‌ಗಳು ಸೇರಿಕೊಳ್ಳುತ್ತವೆ. ಅಲ್ಲಿಂದ ಟಿಬಿಕೆ1 ಕೈನೇಸ್, ಜೀನ್ ಚಾಲೂ ಮಾಡುವ ಐಆರ್‌ಎಫ್3, ಕೊನೆಗೆ ಇಂಟರ್‌ಫೆರಾನ್-ಬೀಟಾ ಎಂಬ ಸಂದೇಶ ಪ್ರೊಟೀನ್. ಒಳಗೆ ಹೋಗಲು ಹೊತ್ತು ಬೇಕಲ್ಲ, ಅದಕ್ಕೇ ಈ ದಾರಿ ನಿಧಾನ. ಫಾಸ್ಫೋ-ಐಆರ್‌ಎಫ್3 ನೋಡಬೇಕಾದರೆ 5 ನಿಮಿಷದ ಲೇನ್ ಬಿಟ್ಟು 60, 90, 120 ಇಟ್ಟುಕೊಳ್ಳಿ.

ಉರಿಯೂತ ಹೆಚ್ಚಿಸುವ ಐಎಲ್-1 ಬೀಟಾ ಎಂಬ ಪ್ರೊಟೀನ್ ನೋಡುವವರಿಗೆ ಒಂದು ಎಚ್ಚರಿಕೆ. ಎಲ್‌ಪಿಎಸ್ ಒಂದೇ ಅದಕ್ಕೆ ಸಾಲದು. ಎಲ್‌ಪಿಎಸ್ 31 ಕಿಲೋಡಾಲ್ಟನ್‌ನ ಕಚ್ಚಾ ರೂಪ ತಯಾರು ಮಾಡಿಸುತ್ತದೆ, ಅಷ್ಟೇ. ಅದನ್ನು 17ಕ್ಕೆ ಕತ್ತರಿಸಲು ಎನ್‌ಎಲ್‌ಆರ್‌ಪಿ3 ಇನ್‌ಫ್ಲಮಸೋಮ್ ಎಂಬ ಪ್ರೊಟೀನ್ ಕೂಟ ಎದ್ದು ಕ್ಯಾಸ್ಪೇಸ್-1 ಎಂಬ ಕತ್ತರಿಸುವ ಕಿಣ್ವ ಕೆಲಸ ಮಾಡಬೇಕು. ಅದಕ್ಕೆ ಎಟಿಪಿ ಅಥವಾ ನೈಜೆರಿಸಿನ್‌ನಂಥ ಎರಡನೇ ಕೆಣಕು ಬೇಕು. ರಾ 264.7ರಲ್ಲಿ ಇದನ್ನು ಹುಡುಕಬೇಡಿ. ಇನ್‌ಫ್ಲಮಸೋಮ್ ಕಟ್ಟಲು ಬೇಕಾದ ಎಎಸ್‌ಸಿ ಪ್ರೊಟೀನ್ ಅದರಲ್ಲಿ ಇಲ್ಲ. ಮೂಳೆಮಜ್ಜೆಯ ಮ್ಯಾಕ್ರೋಫೇಜ್ ಅಥವಾ ಟಿಎಚ್‌ಪಿ-1 ಬೇಕು.

ಮನುಷ್ಯರಲ್ಲಿ ಈ ದಾರಿ ಕಡಿದುಹೋದರೆ ಏನಾಗುತ್ತದೆ ಅನ್ನೋದು ಬರೀ ಊಹೆಯಲ್ಲ. ಹುಟ್ಟಿನಿಂದಲೇ ಐರಾಕ್4 ಇಲ್ಲದ ಮಕ್ಕಳ ಬಗ್ಗೆ 2003ರಲ್ಲಿ, ಮೈಡಿ88 ಇಲ್ಲದವರ ಬಗ್ಗೆ 2008ರಲ್ಲಿ ವರದಿ ಬಂತು. ನ್ಯುಮೋಕಾಕಸ್, ಸ್ಟ್ಯಾಫಿಲೊಕಾಕಸ್‌ನಂಥ ಬ್ಯಾಕ್ಟೀರಿಯಾಗಳು ಅವರಿಗೆ ಜೀವಕ್ಕೇ ಕುತ್ತು. ಅದರ ಮೇಲೆ, ಸೋಂಕು ಗಂಭೀರವಾಗಿದ್ದರೂ ಜ್ವರ ಮತ್ತು ರಕ್ತದಲ್ಲಿ ಉರಿಯೂತ ಸೂಚಿಸುವ ಸಿಆರ್‌ಪಿ ಏರುವುದು ತಡವಾಗುತ್ತದೆ, ಏಕೆಂದರೆ ಏರಿಸಬೇಕಾದ ಸಂದೇಶವೇ ಸಾಗುತ್ತಿಲ್ಲ. ದೊಡ್ಡವರಾಗುತ್ತಾ ಅಪಾಯ ತಗ್ಗುತ್ತದೆ. ಬ್ಲಾಟ್‌ನ ಒಂದು ಖಾಲಿ ಲೇನ್ ಹಿಂದೆ ಇಷ್ಟು ದೊಡ್ಡ ವಿಷಯ ಇದೆ ಅಂತ ಹೊಸಬರಿಗೆ ನಾನು ತಪ್ಪದೇ ಹೇಳುತ್ತೇನೆ.

ಜೀವಂತ ಬ್ಯಾಕ್ಟೀರಿಯಾಕ್ಕೆ ಹೋಗುವಾಗ

ಎಲ್‌ಪಿಎಸ್ ಕೈಗೆ ಹತ್ತಿದ ಮೇಲೆ ನಿಜವಾದ ಬ್ಯಾಕ್ಟೀರಿಯಾ ಹಾಕಿ ನೋಡಿ. ಜೈವಿಕ ಸುರಕ್ಷತೆಯ ಸೂಕ್ತ ಮಟ್ಟದ ಕೋಣೆ ಮತ್ತು ಅನುಮತಿ ಇದ್ದರೆ ಮಾತ್ರ. ಒಂದು ಕೋಶಕ್ಕೆ 10 ಬ್ಯಾಕ್ಟೀರಿಯಾ ಅನುಪಾತದಿಂದ ಶುರು ಮಾಡಿ. ಬ್ಯಾಕ್ಟೀರಿಯಾ ತಾನಾಗಿ ಕೆಳಗಿಳಿಯಲು ಕಾದರೆ ಪ್ರತಿ ಕೋಶಕ್ಕೂ ಬೇರೆ ಬೇರೆ ಹೊತ್ತಿಗೆ ತಾಗುತ್ತದೆ, ನಿಮ್ಮ ಗಡಿಯಾರ ಕೆಡುತ್ತದೆ. ಪ್ಲೇಟ್ ಅನ್ನು ಸೆಂಟ್ರಿಫ್ಯೂಜ್‌ನಲ್ಲಿ ನಿಧಾನ ವೇಗದಲ್ಲಿ 5 ನಿಮಿಷ ತಿರುಗಿಸಿ, ಎಲ್ಲವೂ ಒಟ್ಟಿಗೆ ಇಳಿಯಲಿ. ಸೊನ್ನೆ ಗುಂಡಿಯ ಪ್ಲೇಟ್‌ನ್ನೂ ಹಾಗೇ ತಿರುಗಿಸಿ. ಪ್ರಯೋಗ ಉದ್ದವಾದರೆ ಹೊರಗೆ ಉಳಿದವನ್ನು ಜೆಂಟಾಮೈಸಿನ್ ಹಾಕಿ ಕೊಲ್ಲಿ. ಅದು ಕೋಶದ ಒಳಗಿನವಕ್ಕೆ ಅಷ್ಟಾಗಿ ತಟ್ಟುವುದಿಲ್ಲ.

ಜೀವಂತ ಬ್ಯಾಕ್ಟೀರಿಯಾದಲ್ಲಿ ಎಲ್‌ಪಿಎಸ್ ಒಂದೇ ಇರುವುದಿಲ್ಲ. ಫ್ಲಾಜೆಲಿನ್ ಟಿಎಲ್‌ಆರ್5ಕ್ಕೆ, ಲಿಪೊಪ್ರೊಟೀನ್ ಟಿಎಲ್‌ಆರ್2ಕ್ಕೆ, ಡಿಎನ್‌ಎ ಟಿಎಲ್‌ಆರ್9ಕ್ಕೆ, ಕೋಶಭಿತ್ತಿಯ ಚೂರುಗಳು ನಾಡ್1 ಮತ್ತು ನಾಡ್2 ಎಂಬ ರಿಸೆಪ್ಟರ್‌ಗಳಿಗೆ. ಆದ್ದರಿಂದ ಬ್ಲಾಟ್ ಜೋರಾಗಿ ಬರಬೇಕು ಅಲ್ವಾ? ಕೆಲವೊಮ್ಮೆ ಉಲ್ಟಾ ಆಗುತ್ತದೆ. ಯೆರ್ಸಿನಿಯಾ ಎಂಬ ಬ್ಯಾಕ್ಟೀರಿಯಾ ತನ್ನ ಸೂಜಿಯಂಥ ಯಂತ್ರದಿಂದ ಯಾಪ್‌ಜೆ ಎಂಬ ಪ್ರೊಟೀನ್ ಅನ್ನು ಕೋಶದೊಳಗೆ ಚುಚ್ಚುತ್ತದೆ. ಐಕೆಕೆಯಲ್ಲಿ ಮತ್ತು ಪಿ38 ಅನ್ನು ಎಬ್ಬಿಸುವ ಎಂಕೆಕೆ6 ಕೈನೇಸ್‌ನಲ್ಲಿ ಫಾಸ್ಫೇಟ್ ಹತ್ತಬೇಕಾದ ಜಾಗಕ್ಕೆ ಅದು ಅಸಿಟೈಲ್ ಅಂಟಿಸಿಬಿಡುತ್ತದೆ. ಜಾಗ ಭರ್ತಿ, ಫಾಸ್ಫೇಟ್‌ಗೆ ಎಡೆ ಇಲ್ಲ. ಐಕಪ್ಪಾಬಿ ಕರಗುವುದಿಲ್ಲ, ಪಿ38 ಹೊಳೆಯುವುದಿಲ್ಲ. ಶಿಗೆಲ್ಲಾ ಬ್ಯಾಕ್ಟೀರಿಯಾದ ಆಸ್ಪ್‌ಎಫ್ ಪ್ರೊಟೀನ್ ಇನ್ನೊಂದು ಥರ. ಪಿ38ರ ಫಾಸ್ಫೇಟ್ ಅನ್ನು ಮತ್ತೆ ಅಂಟಿಸಲು ಬಾರದಂತೆ ಕಿತ್ತುಹಾಕುತ್ತದೆ.

ಅದಕ್ಕೇ ಜೀವಂತ ಬ್ಯಾಕ್ಟೀರಿಯಾ ಪಕ್ಕದಲ್ಲೇ ಶಾಖದಿಂದ ಕೊಂದ ಅದೇ ಬ್ಯಾಕ್ಟೀರಿಯಾದ ಒಂದು ಪ್ಲೇಟ್ ಇಡಿ, ಅದೇ ಆರು ಹೊತ್ತುಗಳಲ್ಲಿ. ಸತ್ತದ್ದಕ್ಕೆ ಐಕಪ್ಪಾಬಿ 15 ನಿಮಿಷದಲ್ಲಿ ಮಾಯವಾಗಿ, ಜೀವಂತದ್ದಕ್ಕೆ ಹಾಗೇ ಉಳಿದರೆ ಬ್ಯಾಕ್ಟೀರಿಯಾ ಸಂದೇಶವನ್ನು ನಡುವೆ ಕಡಿಯುತ್ತಿದೆ ಅಂತ ಅನುಮಾನ ಪಡಿ. ಮುಂದೆ ಆ ಚುಚ್ಚುವ ಯಂತ್ರವನ್ನೇ ಕಳೆದುಕೊಂಡ ತಳಿ ತಂದು ಹಾಕಿ. ಐಕಪ್ಪಾಬಿ ಮತ್ತೆ ಕರಗಿದರೆ ಅನುಮಾನ ಸರಿ. ಫಾಸ್ಫೋ-ಐಕೆಕೆ ಇದ್ದು ಐಕಪ್ಪಾಬಿ ಕರಗದಿದ್ದರೆ ತಡೆ ಐಕೆಕೆಯ ಕೆಳಗಿದೆ. ಫಾಸ್ಫೋ-ಐಕೆಕೆಯೇ ಇಲ್ಲದಿದ್ದರೆ ಐಕೆಕೆಯಲ್ಲೋ ಅದರ ಮೇಲೋ ಇದೆ, ಅಲ್ಲಿ ಟ್ಯಾಕ್1ರಿಂದ ಶುರು ಮಾಡಿ ಒಂದೊಂದೇ ಮೆಟ್ಟಿಲು ಮೇಲೆ ಹುಡುಕುತ್ತಾ ಹೋಗಿ.